ಇಪ್ಪತ್ತೊಂದು ಕಡತ, ಒಂದೇ ಅಳತೆಯ ಟಯರ್

1998ರ ಜುಲೈನಲ್ಲಿ ಅಮೆರಿಕದ ಸ್ಟೇಟ್ ಫಾರ್ಮ್ ವಿಮಾ ಕಂಪನಿಯಿಂದ ವಾಷಿಂಗ್ಟನ್ನಿನ ಹೆದ್ದಾರಿ ಸುರಕ್ಷತಾ ಇಲಾಖೆಗೆ ಒಂದು ಇ-ಮೇಲ್ ಹೋಯಿತು. ಕಳಿಸಿದವರು ಸ್ಯಾಮ್ ಬಾಯ್ಡನ್. ಕ್ಲೇಮುಗಳ ಕಡತಗಳನ್ನು ಓದಿ, ಒಂದರ ಪಕ್ಕ ಇನ್ನೊಂದನ್ನಿಟ್ಟು, ಅವುಗಳಲ್ಲಿ ಏನಾದರೂ ಹೊಂದಿಕೆ ಇದೆಯೇ ಎಂದು ನೋಡುವುದು ಅವರ ಕೆಲಸ. ಟಯರ್ ಕಿತ್ತುಹೋಗಿ ಆದ ಒಂದು ಅಪಘಾತದ ಬಗ್ಗೆ ಕಂಪನಿಯವರೇ ಅವರನ್ನು ವಿಚಾರಿಸಿದ್ದರು. ಹುಡುಕುತ್ತಾ ಹೋದಂತೆ ಅಂಥವೇ 21 ಸಿಕ್ಕವು. ಎಲ್ಲದರಲ್ಲೂ ಟಯರ್ ಫೈರ್‌ಸ್ಟೋನ್ ಎಟಿಎಕ್ಸ್, ಅಳತೆ ಪಿ235/75ಆರ್15. ಅವುಗಳಲ್ಲಿ 14 ಗಾಡಿಗಳು ಫೋರ್ಡ್ ಎಕ್ಸ್‌ಪ್ಲೋರರ್.

ಇಲಾಖೆಯಿಂದ ಧನ್ಯವಾದದ ಉತ್ತರ ಬಂತು. ತನಿಖೆ ಆರಂಭವಾಗಲಿಲ್ಲ.

ಕೋಟಿಗಟ್ಟಲೆ ಟಯರ್ ಓಡುವ ದೇಶದಲ್ಲಿ 21 ಯಾವ ಲೆಕ್ಕ ಎಂದು ಅಲ್ಲಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಯ್ಡನ್ ಕಳಿಸಿದ ಪಟ್ಟಿಯ ತೂಕ ಆ ಸಂಖ್ಯೆಯಲ್ಲಿ ಇರಲಿಲ್ಲ. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಅಳತೆ, ಬಹುಪಾಲು ಒಂದೇ ಗಾಡಿ ಎಂಬ ಹೊಂದಿಕೆಯಲ್ಲಿತ್ತು. ಅದನ್ನು ಅಂದೇ ಹಿಡಿದು ಕೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಅಳತೆಯ ಮೊದಲ ಅಕ್ಷರವನ್ನು ಸ್ವಲ್ಪ ನೋಡಬೇಕು. ‘ಪಿ’ ಎಂದರೆ ಪ್ಯಾಸೆಂಜರ್, ಕಾರಿನ ಟಯರ್. ಎಕ್ಸ್‌ಪ್ಲೋರರ್ ಮಾತ್ರ ಕಾರಿನ ಮೈಯಿಂದ ಹುಟ್ಟಿದ ಗಾಡಿ ಅಲ್ಲ. ಫೋರ್ಡ್ ಕಂಪನಿಯ ರೇಂಜರ್ ಎಂಬ ಪಿಕಪ್ಪಿನ ಚಾಸಿ ಮೇಲೆ ಕುಟುಂಬಕ್ಕೆ ಬೇಕಾದ ಸೀಟು, ಬಾಗಿಲು, ಸಾಮಾನಿನ ಜಾಗ ಎಲ್ಲ ಕೂಡಿಸಿ 1990ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. ಸರ್ಕಾರದ ದಾಖಲೆಗಳಲ್ಲಿ ಇಂಥ ಗಾಡಿ ಲಘು ಟ್ರಕ್ಕುಗಳ ಸಾಲಿಗೆ ಸೇರುತ್ತದೆ. ಕೊಳ್ಳುವವರಿಗೆ ಅದು ಎತ್ತರದ ಕಾರು: ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ರಜೆಯಲ್ಲಿ ಮನೆಮಂದಿಯೆಲ್ಲ ದೂರದ ಊರಿಗೆ ಹೋಗುವುದಕ್ಕೆ. ಟ್ರಕ್ಕಿನ ಟಯರ್ ಹಾಕಿದರೆ ಅಂಥವರಿಗೆ ಗಾಡಿ ಕುಲುಕುತ್ತದೆ, ಸದ್ದು ಮಾಡುತ್ತದೆ. ಹಾಗಾಗಿ ಕಾರಿನ ಟಯರನ್ನೇ ಹಾಕಿ, ಅದರಲ್ಲಿ 26 ಪಿಎಸ್‌ಐ ಗಾಳಿ ಇರಲಿ ಎಂದು ಬಾಗಿಲ ಬದಿಯ ಚೀಟಿಯಲ್ಲಿ ಅಚ್ಚು ಹಾಕಿದರು. ಆ ಟಯರಿಗೆ ಹಾಕಬಹುದಾದ ಗರಿಷ್ಠ ಗಾಳಿ 35.

26 ಏಕೆ ಎಂಬ ಪ್ರಶ್ನೆ ಮುಂದೆ ಕೋರ್ಟುಗಳಲ್ಲಿ ಬಹಳ ದಿನ ಎಳೆದಾಟಕ್ಕೆ ಸಿಕ್ಕಿತು. ಅಲ್ಲಿ ಹೊರಬಿದ್ದ ಕಂಪನಿಯ ಒಳಪತ್ರಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗಿತ್ತು. ಗಾಡಿ ಮಾರುಕಟ್ಟೆಗೆ ಬರುವ ಮುನ್ನ ನಡೆದ ಪರೀಕ್ಷೆಗಳಲ್ಲಿ ತಟ್ಟನೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ಗಾಳಿ ಇಳಿಸುವುದು ಎಂಜಿನಿಯರುಗಳು ಆಗ ಚರ್ಚಿಸಿದ ಪರಿಹಾರಗಳಲ್ಲಿ ಒಂದು. ಸವಾರಿ ಹಿತವಾಗಿರಲಿ, ಗಾಡಿ ಹಿಡಿತದಲ್ಲಿರಲಿ ಎಂದೇ 26 ಆರಿಸಿದೆವು, ಅದರಲ್ಲಿ ಅಪಾಯವೇನೂ ಇರಲಿಲ್ಲ ಎಂದು ಫೋರ್ಡ್ ಕೊನೆಯವರೆಗೂ ವಾದಿಸಿತು.

ಎಕ್ಸ್‌ಪ್ಲೋರರ್ ಭಾರಿ ಮಾರಾಟವಾಯಿತು. ತೊಂಬತ್ತರ ದಶಕದ ಅಮೆರಿಕದಲ್ಲಿ ಎಸ್‌ಯುವಿ ಎಂದರೆ ಬಹುಮಟ್ಟಿಗೆ ಅದೇ. ಮೊದಲ ದೂರುಗಳು ಬಿಸಿಲ ಸೀಮೆಯಿಂದ ಬಂದವು. 1996ರಲ್ಲೇ ಅರಿಜೋನಾ ರಾಜ್ಯದ ಸರ್ಕಾರಿ ಇಲಾಖೆಗಳು ತಮ್ಮ ಗಾಡಿಗಳ ಟಯರಿನ ಟ್ರೆಡ್ ಸುಲಿದು ಹೋಗುತ್ತಿದೆ ಎಂದು ಹೇಳಿದ್ದವು. ನೀವು ಟಯರನ್ನು ಒರಟಾಗಿ ಬಳಸಿದ್ದೀರಿ ಎಂಬ ಉತ್ತರ ಬಂತು. ಗಾಳಿ ಕಡಿಮೆ, ಹೊರೆ ಹೆಚ್ಚು, ಪಂಕ್ಚರ್ ಸರಿಯಾಗಿ ಹಾಕಿಲ್ಲ ಎಂಬ ಮಾತುಗಳೇ ವರ್ಷಗಟ್ಟಲೆ ಕೇಳಿಬಂದವು. ಸೌದಿ ಅರೇಬಿಯಾ ಮತ್ತು ಅಕ್ಕಪಕ್ಕದ ಕೊಲ್ಲಿ ದೇಶಗಳಲ್ಲೂ ಅದೇ ಟಯರ್ ಅದೇ ರೀತಿ ಸುಲಿಯತೊಡಗಿದಾಗ ಫೋರ್ಡ್ 1999ರಲ್ಲಿ ಅಲ್ಲಿನ ಗಾಡಿಗಳ ಟಯರುಗಳನ್ನು ಬದಲಿಸಿಕೊಟ್ಟಿತು. ಆಮೇಲೆ ಮಲೇಷ್ಯಾ, ಥಾಯ್ಲೆಂಡ್, ವೆನೆಜುವೇಲಾ. ಹೊರದೇಶದಲ್ಲಿ ಟಯರ್ ಬದಲಿಸಿದ್ದನ್ನು ಅಮೆರಿಕ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಆಗ ಇರಲಿಲ್ಲ. ತಿಳಿಸಲೂ ಇಲ್ಲ.

ಕಟ್ಟೆ ಒಡೆದದ್ದು ಟೆಕ್ಸಾಸ್‌ನ ಹ್ಯೂಸ್ಟನ್ನಿನಲ್ಲಿ. ಅಲ್ಲಿನ ಕೆಎಚ್‌ಒಯು ಟಿವಿ ವಾಹಿನಿಯ ವರದಿಗಾರ್ತಿ ಆ್ಯನಾ ವರ್ನರ್ ಮತ್ತು ಅವರ ತಂಡ ಕೋರ್ಟಿನ ಕಡತಗಳನ್ನು, ಅಪಘಾತಗಳ ವರದಿಗಳನ್ನು ಕೂಡಿಹಾಕಿ 2000ದ ಫೆಬ್ರವರಿಯಲ್ಲಿ ಒಂದು ವರದಿ ಪ್ರಸಾರ ಮಾಡಿದರು. ಕೂಡಲೇ ಫೋನುಗಳು ಬರಲಾರಂಭಿಸಿದವು. ನಮ್ಮ ಗಾಡಿಗೂ ಹೀಗೇ ಆಯಿತು, ನಮ್ಮವರೂ ಹೀಗೇ ಹೋದರು ಎಂದು ಹೇಳುವವರಿಗೆ ವಾಹಿನಿಯವರು ಸುರಕ್ಷತಾ ಇಲಾಖೆಯ ಸಹಾಯವಾಣಿ ಸಂಖ್ಯೆ ಕೊಟ್ಟರು. ಕೋರ್ಟಿನಲ್ಲಿ ರಾಜಿಯಾಗಿ, ಬಾಯಿ ಬಿಡುವುದಿಲ್ಲ ಎಂಬ ಕರಾರಿಗೆ ಸಹಿ ಬಿದ್ದು ಒಂದೊಂದಾಗಿ ಮುಚ್ಚಿಹೋಗುತ್ತಿದ್ದ ಪ್ರಕರಣಗಳು ಆಗ ಮೊದಲ ಸಲ ಒಂದೇ ಕಡೆ ಸೇರಿದವು. ಅದೇ ವರ್ಷದ ಮೇ ತಿಂಗಳಲ್ಲಿ ಇಲಾಖೆ ತನಿಖೆ ಆರಂಭಿಸಿತು. ಬಾಯ್ಡನ್ ಬರೆದು ಎರಡು ವರ್ಷ ಕಳೆಯುತ್ತಾ ಬಂದಿತ್ತು.

2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ 1 ಕೋಟಿ 44 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಇನ್ನೂ ರಸ್ತೆಯ ಮೇಲಿದ್ದವು ಸುಮಾರು 65 ಲಕ್ಷ ಎಂದು ಅಂದಾಜು. ಬದಲಿ ಟಯರ್ ಸಾಕಷ್ಟು ಇರಲಿಲ್ಲವಾದ್ದರಿಂದ ಮೊದಲ ಸರದಿ ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಾಸ್‌ಗಳಿಗೆ ಸಿಕ್ಕಿತು. ಬಿಸಿಲಿಗೂ ಈ ಸಾವುಗಳಿಗೂ ನಂಟಿದೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಆ ನಂಟು ಟಯರಿನ ಒಳಗೆ ಎಲ್ಲಿ ಕೂತಿದೆ ಎಂಬುದು ಇನ್ನೂ ತಿಳಿಯಬೇಕಿತ್ತು.

ಟಯರನ್ನು ಅಡ್ಡ ಕೊಯ್ದು ನೋಡಿದರೆ ನೆಲಕ್ಕೆ ತಾಗುವ ಟ್ರೆಡ್ಡಿನ ಕೆಳಗೆ ಎರಡು ಉಕ್ಕಿನ ಪಟ್ಟಿಗಳು ಕಾಣುತ್ತವೆ. ಕೂದಲಿನಂಥ ಸಣ್ಣ ಉಕ್ಕಿನ ಎಳೆಗಳನ್ನು ಹುರಿ ಮಾಡಿ, ಸಾಲಾಗಿ ಜೋಡಿಸಿ, ರಬ್ಬರಿನಲ್ಲಿ ಅದ್ದಿದ ಪಟ್ಟಿಗಳು ಅವು. ಒಂದರ ಎಳೆಗಳು ಎಡಕ್ಕೆ ಓರೆ, ಇನ್ನೊಂದರವು ಬಲಕ್ಕೆ ಓರೆ. ಉಕ್ಕಿಗೆ ರಬ್ಬರ್ ಸುಲಭವಾಗಿ ಅಂಟುವುದಿಲ್ಲವಾದ್ದರಿಂದ ಎಳೆಗಳಿಗೆ ಹಿತ್ತಾಳೆಯ ಲೇಪ ಕೊಟ್ಟಿರುತ್ತಾರೆ. ಪಟ್ಟಿಯನ್ನು ಬೇಕಾದ ಅಗಲಕ್ಕೆ ಕತ್ತರಿಸಿದಾಗ ಎಳೆಗಳ ತುದಿಯಲ್ಲಿ ಬರಿ ಉಕ್ಕು ಹೊರಕ್ಕೆ ಬರುತ್ತದೆ. ಅಲ್ಲಿ ಹಿತ್ತಾಳೆ ಇಲ್ಲ, ಅಂಟೂ ಇಲ್ಲ. ಟಯರಿನ ಭುಜದ ಬಳಿ, ಪಟ್ಟಿಗಳ ಅಂಚಿನುದ್ದಕ್ಕೂ, ಇಂಥ ಅಂಟದ ತುದಿಗಳು ಸಾವಿರಾರು ಇರುತ್ತವೆ.

ಟಯರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದ ಕೂಡಲೇ ಮತ್ತೆ ದುಂಡಗಾಗುತ್ತದೆ. ಈ ಅಳತೆಯ ಟಯರಿನ ಸುತ್ತಳತೆ 2.3 ಮೀಟರ್. ಗಾಡಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿದ್ದರೆ ಟಯರಿನ ಪ್ರತಿಯೊಂದು ಭಾಗವೂ ಸೆಕೆಂಡಿಗೆ 13 ಸಲ ಹೀಗೆ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಬಿಸಿಯೇರಿ ಕೊನೆಗೆ ತುಂಡಾಗುವ ಹಾಗೆ, ಈ ಬಾಗಾಟದಲ್ಲೇ ರಬ್ಬರು ಕಾಯುತ್ತದೆ. ಗಾಳಿ ಕಡಿಮೆಯಾದಷ್ಟೂ ಹೆಚ್ಚು ಚಪ್ಪಟೆ, ಹೆಚ್ಚು ಬಾಗು, ಹೆಚ್ಚು ಬಿಸಿ. ಹೊರೆ ಹೆಚ್ಚಿದರೂ ಅದೇ ಕತೆ. ಓರೆಯಾಗಿ ಜೋಡಿಸಿದ ಎರಡು ಪಟ್ಟಿಗಳು ಬಾಗುವಾಗ ಒಂದು ಅತ್ತ, ಒಂದು ಇತ್ತ ಜರುಗಲು ನೋಡುತ್ತವೆ. ಈ ಜಗ್ಗಾಟ ಅತ್ಯಂತ ಜೋರಾಗಿರುವುದು ಅಂಚಿನಲ್ಲಿ, ಅಂಟದ ತುದಿಗಳಿರುವ ಜಾಗದಲ್ಲೇ. ಅದನ್ನು ತಡೆಯಲೆಂದು ಎರಡು ಪಟ್ಟಿಗಳ ಅಂಚಿನ ನಡುವೆ ರಬ್ಬರಿನ ಒಂದು ಬೆಣೆ ಇಟ್ಟಿರುತ್ತಾರೆ.

ಫೈರ್‌ಸ್ಟೋನ್ ಕಂಪನಿ ಹೊರಗಿನ ತಜ್ಞರಾಗಿ ಕರೆಸಿದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಸಂಜಯ್ ಗೋವಿಂದ್‌ಜಿಯವರನ್ನು. ವಸ್ತುಗಳು ಹೇಗೆ ಬಿರಿಯುತ್ತವೆ ಎಂಬುದರ ಅಭ್ಯಾಸಿ ಅವರು. 2001ರ ಫೆಬ್ರವರಿಯಲ್ಲಿ ಕೊಟ್ಟ ವರದಿಯಲ್ಲಿ ಬಿರುಕಿನ ಹಾದಿಯನ್ನು ಅವರು ವಿವರಿಸಿದರು. ಅದು ಪಟ್ಟಿಯ ಅಂಚಿನಲ್ಲಿ, ಎಳೆಗಳ ತುದಿಯ ಸುತ್ತ ಹುಟ್ಟುತ್ತದೆ. ಅಕ್ಕಪಕ್ಕದ ಬಿರುಕುಗಳು ಒಂದಕ್ಕೊಂದು ಸೇರುತ್ತವೆ. ಆಮೇಲೆ ಎರಡು ಪಟ್ಟಿಗಳ ನಡುವೆ ಒಳಕ್ಕೆ ಸಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಂದು ದಿನ ಹೆದ್ದಾರಿಯ ವೇಗದಲ್ಲಿ ಮೇಲಿನ ಪಟ್ಟಿಯೂ ಟ್ರೆಡ್ಡೂ ಒಟ್ಟಿಗೆ ಸುಲಿದು ಹಾರುತ್ತವೆ. ಹಿಂದಿನ ಚಕ್ರದಲ್ಲಿ ಹಾಗಾದರೆ ಗಾಡಿಯ ಹಿಂಭಾಗ ಹಿಡಿತ ಕಳೆದುಕೊಂಡು ತಿರುಗುತ್ತದೆ. ಎತ್ತರದ ಗಾಡಿ ಹಾಗೆ ತಿರುಗಿದಾಗ ಮಗುಚಿ ಬೀಳುವುದು ಬಹಳ ಸುಲಭ.

ಕಾರಣ ಒಂದೇ ಎಂದು ಗೋವಿಂದ್‌ಜಿ ಹೇಳಲಿಲ್ಲ. ಬಿಸಿಲು, ಟಯರಿನ ವಿನ್ಯಾಸ, ತಯಾರಿಕೆಯಲ್ಲಿದ್ದ ವ್ಯತ್ಯಾಸ, ಹೊರೆ ಮತ್ತು ಗಾಳಿ, ಇವೆಲ್ಲ ಕೂಡಿದಾಗ ಬಿರುಕು ಬೆಳೆಯುತ್ತದೆ ಎಂದರು. ಇಷ್ಟೆಲ್ಲ ಆಗಿ ಬಂದದ್ದು ಇಂಥ ಉತ್ತರವೇ ಎಂದು ಆಗ ಬಹಳ ಜನಕ್ಕೆ ಸಪ್ಪೆ ಅನ್ನಿಸಿತು. ನನಗೆ ಅದೇ ಈ ಕತೆಯ ನಿಜವಾದ ಶೋಧ ಅನ್ನಿಸುತ್ತದೆ. ಒಬ್ಬ ತಪ್ಪಿತಸ್ಥ ಬೇಕಾಗಿದ್ದವರಿಗೆ ಅದು ಕೊಟ್ಟದ್ದು ಒಂದು ಕೂಡುಲೆಕ್ಕ. ಆ ಲೆಕ್ಕದಲ್ಲಿ ಪ್ರತಿಯೊಂದು ಅಂಶವೂ ಇನ್ನೊಂದರ ಬಲದಿಂದ ಬೆಳೆಯುತ್ತದೆ.

ತಯಾರಿಕೆಯ ಎಳೆ ಹಿಡಿದು ಹೋದವರು ಇಲಿನಾಯ್ ರಾಜ್ಯದ ಡೆಕೇಟರ್ ಕಾರ್ಖಾನೆಗೆ ಬಂದು ನಿಂತರು. ಅಮೆರಿಕದಲ್ಲಿ ಪ್ರತಿ ಟಯರಿನ ಬದಿಯಲ್ಲೂ ಅದು ಯಾವ ಕಾರ್ಖಾನೆಯಲ್ಲಿ, ಯಾವ ವಾರ ತಯಾರಾಯಿತು ಎಂಬ ಸಂಕೇತ ಅಚ್ಚಾಗಿರುತ್ತದೆ. ಡೆಕೇಟರ್ ಗುರುತು ‘ವಿಡಿ’. ಕ್ಲೇಮುಗಳನ್ನು ಕಾರ್ಖಾನೆವಾರು ವಿಂಗಡಿಸಿದಾಗ ಆ ಎರಡು ಅಕ್ಷರಗಳು ಉಳಿದೆಲ್ಲಕ್ಕಿಂತ ಹೆಚ್ಚು ಸಲ ಬಂದವು. ಅಲ್ಲಿ ರಬ್ಬರ್ ಮಿಶ್ರಣ ತಯಾರಿಸುವ ವಿಧಾನವೇ ಬೇರೆ ಇತ್ತು. 1994ರಿಂದ 96ರವರೆಗೆ ಅಲ್ಲಿ ಕಾರ್ಮಿಕರಿಗೂ ಕಂಪನಿಗೂ ತೀವ್ರ ಜಗಳ, ಮುಷ್ಕರ ನಡೆದದ್ದೂ ಉಂಟು. ಅರ್ಥಶಾಸ್ತ್ರಜ್ಞರಾದ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡ್ರೆ ಮಾಸ್ ಟಯರುಗಳ ತಯಾರಿಕೆಯ ಕಾಲವನ್ನು ಆ ಜಗಳದ ದಿನಗಳೊಂದಿಗೆ ಹೊಂದಿಸಿ ನೋಡಿ 2004ರಲ್ಲಿ ಪ್ರಬಂಧ ಪ್ರಕಟಿಸಿದರು. ಕಂಪನಿ ಕಾರ್ಮಿಕರ ಸವಲತ್ತು ಕಡಿತಗೊಳಿಸಲು ಒತ್ತಾಯಿಸಿದ ತಿಂಗಳುಗಳಲ್ಲಿ, ಮುಷ್ಕರ ಬಿಟ್ಟು ಮರಳಿದವರೂ ಅವರ ಬದಲಿಗೆ ಬಂದವರೂ ಅಕ್ಕಪಕ್ಕ ನಿಂತು ದುಡಿದ ತಿಂಗಳುಗಳಲ್ಲಿ ತಯಾರಾದ ಟಯರುಗಳೇ ಹೆಚ್ಚು ಕೆಟ್ಟಿದ್ದವು. ಟಯರನ್ನು ಆಗ ಬಹುಮಟ್ಟಿಗೆ ಮನುಷ್ಯರ ಕೈ ಕಟ್ಟುತ್ತಿತ್ತು. ಆ ಕೈಗಳ ನೋವು ಟಯರಿನಲ್ಲೂ ಉಳಿಯುತ್ತದೆ ಎಂಬುದಕ್ಕೆ ಇಷ್ಟು ಗಟ್ಟಿಯಾದ ಪುರಾವೆ ನಾನು ಬೇರೆಲ್ಲೂ ಓದಿಲ್ಲ.

ಇತ್ತ ಫೋರ್ಡ್ ಮತ್ತು ಫೈರ್‌ಸ್ಟೋನ್ ಒಂದರ ಮೇಲೊಂದು ಹೊರಿಸತೊಡಗಿದವು. ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಕಾಲದಿಂದ ಸುಮಾರು 95 ವರ್ಷ ನಡೆದುಬಂದ ವ್ಯವಹಾರ 2001ರ ಮೇ ತಿಂಗಳಲ್ಲಿ ಮುರಿಯಿತು. ಅದೇ ಅಳತೆಯ ಗುಡ್‌ಇಯರ್ ಟಯರ್ ಹಾಕಿದ ಸುಮಾರು ಐದು ಲಕ್ಷ ಎಕ್ಸ್‌ಪ್ಲೋರರುಗಳಲ್ಲಿ ಈ ತೊಂದರೆ ಬಂದಿಲ್ಲ, ಆದ್ದರಿಂದ ದೋಷ ಟಯರಿನದು ಎಂದಿತು ಫೋರ್ಡ್. ಅದೇ ನಮ್ಮ ಟಯರ್ ರೇಂಜರ್ ಪಿಕಪ್ಪಿನಲ್ಲಿದ್ದಾಗ ಸುಲಿಯುವುದು ಹತ್ತರಲ್ಲಿ ಒಂದು ಪಾಲು, ಆದ್ದರಿಂದ ದೋಷ ಗಾಡಿಯದು ಎಂದಿತು ಫೈರ್‌ಸ್ಟೋನ್. ವಾದಗಳು ಎದುರುಬದುರಾದರೂ ಅವು ಕೊಟ್ಟ ಮಾಹಿತಿ ಒಂದಕ್ಕೊಂದು ವಿರೋಧವಲ್ಲ. ಗಟ್ಟಿ ಟಯರ್ 26 ಪಿಎಸ್‌ಐನ ಆ ಭಾರದ ಗಾಡಿಯನ್ನೂ ತಾಳಿಕೊಂಡಿತು. ದುರ್ಬಲ ಟಯರ್ ಹಗುರ ಗಾಡಿಯಲ್ಲಿ ಬದುಕಿತು. ದುರ್ಬಲ ಟಯರ್, ಭಾರದ ಗಾಡಿ, ಕಡಿಮೆ ಗಾಳಿ ಮೂರೂ ಸೇರಿದ ಕಡೆ ಸತ್ತಿತು.

ಸುರಕ್ಷತಾ ಇಲಾಖೆಯ ಎಂಜಿನಿಯರುಗಳು 2001ರ ಅಕ್ಟೋಬರಿನಲ್ಲಿ ತಮ್ಮ ವಿಶ್ಲೇಷಣೆ ಮುಗಿಸಿದಾಗ ಬೆರಳು ಬೆಣೆಯ ಮೇಲೆ ಬಂತು. ಈ ಟಯರುಗಳ ಭುಜದಲ್ಲಿ ಅಂದಕ್ಕೂ ಹಿಡಿತಕ್ಕೂ ಕೊರೆದ ಕುಳಿಗಳಿದ್ದವು. ಆ ಕುಳಿಗಳ ನೇರಕ್ಕೆ ಪಟ್ಟಿಯ ಅಂಚಿನಲ್ಲಿ ಜಗ್ಗಾಟ ಹೆಚ್ಚುತ್ತಿತ್ತು, ಬೆಣೆಯೂ ಅಲ್ಲೇ ತೆಳ್ಳಗಾಗುತ್ತಿತ್ತು. ಅದಕ್ಕೂ ಮುಂಚೆ, 1998ರಲ್ಲಿ ಫೈರ್‌ಸ್ಟೋನ್ ಸದ್ದಿಲ್ಲದೆ ಬೆಣೆಯನ್ನು ದಪ್ಪ ಮಾಡಿತ್ತು. ದಪ್ಪ ಮಾಡಿದ ಮೇಲಿನವು ಹೆಚ್ಚು ಬಾಳಿದವು. ಬಾಯ್ಡನ್ ಪಟ್ಟಿ ಕಳಿಸಿದ್ದೂ ಅದೇ ವರ್ಷ ಎಂಬುದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಮೆರಿಕದಲ್ಲಿ ಈ ಟಯರುಗಳಿಗೆ ಸಂಬಂಧಿಸಿದ ಸಾವು 271 ಎಂದು ಇಲಾಖೆ ಎಣಿಸಿತು.

ಹಾಗಾದರೆ ಎಸ್‌ಯುವಿಗೆ ‘ಪಿ’ ಟಯರ್ ಹಾಕಿದ್ದೇ ತಪ್ಪೇ? ಲಕ್ಷಾಂತರ ಜನ ಆಗ ಕೇಳಿದ ಪ್ರಶ್ನೆ ಇದು. ಎಷ್ಟೋ ಮಂದಿ ಕೂಡಲೇ ಲಘು ಟ್ರಕ್ಕಿನ ‘ಎಲ್‌ಟಿ’ ಟಯರ್ ಹಾಕಿಸಿಕೊಂಡದ್ದೂ ಉಂಟು. ಅಮೆರಿಕದ ಕಾನೂನು ಈ ವಿಷಯವನ್ನು ಮೊದಲೇ ಯೋಚಿಸಿತ್ತು. ಕಾರಿನ ಟಯರನ್ನು ಟ್ರಕ್ಕಿಗೋ ಎಸ್‌ಯುವಿಗೋ ಹಾಕುವುದಾದರೆ ಅದು ಹೊರಬಲ್ಲ ಭಾರವನ್ನು 1.10ರಿಂದ ಭಾಗಿಸಬೇಕು. ಇಂಥ ಗಾಡಿಗಳಿಗೆ ಜನ ಹೆಚ್ಚು ತುಂಬುತ್ತಾರೆ, ಒರಟು ದಾರಿಯಲ್ಲಿ ಓಡಿಸುತ್ತಾರೆ ಎಂಬುದು ಕಾರಣ. ಪಿ235/75ಆರ್15 ಟಯರ್ 35 ಪಿಎಸ್‌ಐ ಗಾಳಿಯಲ್ಲಿ ಸುಮಾರು 920 ಕಿಲೋ ಹೊರುತ್ತದೆ. ಎಸ್‌ಯುವಿಗೆ ಹಾಕಿದರೆ ಲೆಕ್ಕ ಸುಮಾರು 836ಕ್ಕೆ ಇಳಿಯುತ್ತದೆ. ಗಾಳಿಯನ್ನು 26ಕ್ಕೆ ಇಳಿಸಿದರೆ ಇನ್ನೂ ಕಡಿಮೆ. ಎಕ್ಸ್‌ಪ್ಲೋರರ್ ಕಾನೂನಿನ ಒಳಗೇ ಇತ್ತು. ಆದರೆ ತುಂಬಿದ ಗಾಡಿಗೆ ಉಳಿಯುತ್ತಿದ್ದ ಮಿಗಿಲು ಬಹಳ ಸಣ್ಣದು. ಒಂದೆರಡು ತಿಂಗಳು ಗಾಳಿ ನೋಡದೆ ಬಿಟ್ಟರೆ ಅದೂ ಕರಗಿಹೋಗುತ್ತಿತ್ತು.

ಅದೇ ಅಳತೆಯ ಎಲ್‌ಟಿ ಟಯರಿನ ಲೆಕ್ಕ ನೋಡಿದರೆ ಇನ್ನೊಂದು ಸೋಜಿಗ. ‘ಸಿ’ ದರ್ಜೆಯ ಎಲ್‌ಟಿ235/75ಆರ್15 ಹೊರುವುದು ಸುಮಾರು 900 ಕಿಲೋ. ಕಾರಿನ ಟಯರಿಗಿಂತ ಹೆಚ್ಚೇನಲ್ಲ, ಅದೂ 50 ಪಿಎಸ್‌ಐ ಗಾಳಿ ತುಂಬಿದಾಗ. ಅದಕ್ಕೂ 35 ಮಾತ್ರ ತುಂಬಿದರೆ ‘ಪಿ’ ಟಯರಿಗಿಂತ ಎಷ್ಟೋ ಕಡಿಮೆ ಹೊರುತ್ತದೆ. ಭಾರ ಹೊರುವುದು ಒಳಗಿನ ಗಾಳಿ. ಎಲ್‌ಟಿ ಟಯರಿನ ಗಟ್ಟಿ ಮೈ ಹೆಚ್ಚು ಗಾಳಿಯನ್ನು ಹಿಡಿದಿಡಲಿಕ್ಕೆ, ಕಲ್ಲುಮುಳ್ಳಿನ ಪೆಟ್ಟು ತಾಳಲಿಕ್ಕೆ ಇರುವುದು. ಹೆದರಿ ಎಲ್‌ಟಿ ಹಾಕಿಸಿ, ಬಾಗಿಲ ಚೀಟಿಯ ಹಳೆಯ ಗಾಳಿಯನ್ನೇ ತುಂಬಿಸಿಕೊಂಡವರು ಗೊತ್ತಿಲ್ಲದೆ ಅದೇ ಬಾಗಾಟ, ಅದೇ ಬಿಸಿಯತ್ತ ಹೊರಟಿದ್ದರು.

ಎಲ್‌ಟಿ ಟಯರಿನ ಬದಿಯಲ್ಲಿ ಕಾಣುವ ‘6 ಪಿಆರ್’, ‘8 ಪಿಆರ್’, ‘10 ಪಿಆರ್’ ಎಂಬ ಬರಹದ ಹಿಂದೆಯೂ ಗಾಳಿಯದೇ ಲೆಕ್ಕವಿದೆ. ಟಯರಿನ ಒಡಲನ್ನು ಹತ್ತಿಬಟ್ಟೆಯಿಂದ ಕಟ್ಟುತ್ತಿದ್ದ ಕಾಲದಲ್ಲಿ ಅದು ನಿಜವಾಗಿಯೂ ಪದರಗಳ ಎಣಿಕೆ. ರೇಯಾನ್, ನೈಲಾನ್, ಪಾಲಿಯೆಸ್ಟರ್ ಬಂದ ಮೇಲೆ ಒಂದೆರಡು ಪದರವೇ ಹತ್ತಿಯ ಆರು ಎಂಟು ಪದರದ ಕೆಲಸ ಮಾಡಿತು. ಎಣಿಕೆ ಹೋಯಿತು, ಅಂಕಿ ಉಳಿಯಿತು. ಈಗ ಅದು ಇಷ್ಟು ಒತ್ತಡದ ಗಾಳಿ ತಾಳುತ್ತದೆ ಎಂಬುದರ ಗುರುತು. ಅಮೆರಿಕದ ಸಿ, ಡಿ, ಇ ಎಂಬ ದರ್ಜೆಗಳೂ ಕ್ರಮವಾಗಿ ಅದೇ ಆರು, ಎಂಟು, ಹತ್ತು. ನಮ್ಮಲ್ಲಿ ಕೋಲಾರದ ಟೊಮೆಟೊ ಹೊತ್ತು ಬೆಂಗಳೂರಿಗೆ ಬರುವ ಪಿಕಪ್ಪುಗಳ ಟಯರಿನ ಮೇಲೆ ಇದನ್ನು ಓದಬಹುದು. ಪಕ್ಕದಲ್ಲೇ ನಿಂತ ಎಸ್‌ಯುವಿಯ ಟಯರಿನಲ್ಲಿ ಭಾರದ ಸೂಚ್ಯಂಕ ಒಂದೇ ಸಂಖ್ಯೆ ಇದ್ದರೆ ಪಿಕಪ್ಪಿನದರಲ್ಲಿ ನಡುವೆ ಗೆರೆ ಎಳೆದ ಎರಡು ಸಂಖ್ಯೆ ಇರುತ್ತದೆ: ಒಂಟಿ ಚಕ್ರಕ್ಕೊಂದು, ಜೋಡಿ ಚಕ್ರಕ್ಕೊಂದು. ಭಾರತೀಯ ಮಾನಕ ಸಂಸ್ಥೆಯೂ ಕಾರಿನ ಟಯರಿಗೆ ಐಎಸ್ 15633, ವಾಣಿಜ್ಯ ವಾಹನದ ಟಯರಿಗೆ ಐಎಸ್ 15636 ಎಂದು ಬೇರೆ ಬೇರೆ ಮಾನದಂಡ ಇಟ್ಟಿದೆ.

2000ದ ನವೆಂಬರ್ 1ರಂದು ಅಮೆರಿಕ ಹೊಸ ಕಾನೂನು ಮಾಡಿತು. ಹೊರದೇಶದಲ್ಲಿ ಟಯರ್ ಹಿಂಪಡೆದರೂ ಇನ್ನು ತಿಳಿಸಲೇಬೇಕು. ಗಾಳಿ ಶೇಕಡ 25ರಷ್ಟು ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವ ವ್ಯವಸ್ಥೆ ಹೊಸ ಗಾಡಿಗಳಿಗೆ ಕಡ್ಡಾಯವಾಯಿತು. 1960ರ ದಶಕದಿಂದ ಗಂಟೆಗೆ 80 ಕಿಲೋಮೀಟರಿನಲ್ಲಿ ನಡೆಯುತ್ತಿದ್ದ ಟಯರಿನ ಬಾಳಿಕೆ ಪರೀಕ್ಷೆ 120ಕ್ಕೆ ಏರಿತು. ಅಷ್ಟು ವೇಗದಲ್ಲಿ 34 ಗಂಟೆ ಓಡಿದ ಅದೇ ಕಾರಿನ ಟಯರಿನಿಂದ ಗಾಳಿ ಇಳಿಸಿ, ಬರೀ 20 ಪಿಎಸ್‌ಐನಲ್ಲಿ ಇನ್ನೂ ಒಂದೂವರೆ ಗಂಟೆ ಓಡಿಸುತ್ತಾರೆ. ಎಸ್‌ಯುವಿಗಳಿಗೆ ಹಾಕುವ ಎಲ್‌ಟಿ ಟಯರುಗಳೂ ಈಗ ಇದೇ ಪರೀಕ್ಷೆಯ ಅಡಿ ಬರುತ್ತವೆ.

ಆದ್ದರಿಂದ ಇವತ್ತು ಡಾಂಬರು ರಸ್ತೆಯಲ್ಲಿ ಕುಟುಂಬ ಕರೆದೊಯ್ಯುವ ಎಸ್‌ಯುವಿಗೆ ಕಂಪನಿ ಹಾಕಿಕೊಟ್ಟ ಕಾರಿನ ಟಯರೇ ಸರಿ ಎನ್ನುತ್ತೇನೆ. ಅದು ಹಗುರ, ಹಿತ, ಎಣ್ಣೆ ಕಡಿಮೆ ಕುಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಸಾಮಾನ್ಯವಾಗಿ ಬೇಗ ನಿಲ್ಲುತ್ತದೆ. ಬದಲಿಸುವಾಗ ಮೊದಲಿದ್ದ ಟಯರಿಗಿಂತ ಭಾರದ ಸೂಚ್ಯಂಕ ಕಡಿಮೆಯಾಗಬಾರದು ಅಷ್ಟೆ. ದಿನವೂ ಕಲ್ಲು ದಾರಿಯ ತೋಟಕ್ಕೆ ಗೊಬ್ಬರ ಹೊರುವವರು, ಟ್ರೇಲರ್ ಎಳೆಯುವವರು ಎಲ್‌ಟಿ ಹಾಕಿಸುವುದು ನ್ಯಾಯ. ಆದರೆ ಹಾಕಿಸುವಾಗ ಬಾಗಿಲ ಚೀಟಿಯ ಗಾಳಿಯಲ್ಲಿ ಹಳೆಯ ಟಯರ್ ಎಷ್ಟು ಹೊರುತ್ತಿತ್ತು, ಅಷ್ಟೇ ಹೊರಲು ಹೊಸದಕ್ಕೆ ಎಷ್ಟು ಗಾಳಿ ಬೇಕು ಎಂದು ಟಯರ್ ಕಂಪನಿಯ ಪಟ್ಟಿ ತೆಗೆಸಿ ನೋಡಬೇಕು. ಆ ಪಟ್ಟಿ ತೋರಿಸಲಾಗದ ಅಂಗಡಿಯಲ್ಲಿ ಎಲ್‌ಟಿ ಹಾಕಿಸುವುದು ಬೇಡ.